ತಿಪ್ಪೆಯ ಮಕ್ಕಳ ಮೈತ್ರಿ

ಬಡವರ ಮಕ್ಕಳನ್ನು ನಾಯಕರನ್ನಾಗಿ ಮಾಡಿಕೊಂಡ ಕಥೆಗಳು ಸಾಮಾನ್ಯವಾಗಿ ಎರಡು ಬಗೆಯವು. ಮಗುವು ಕಷ್ಟಗಳ ನಡುವೆಯೂ ಕಳಂಕವಿಲ್ಲದೆ ಉಳಿದು ಕೊನೆಗೆ ಸುಖವನ್ನು ಪಡೆಯುವುದು ಒಂದು ಬಗೆ. ದುಸ್ಸಂಗಕ್ಕೆ ಸಿಕ್ಕಿ ಕೆಟ್ಟು ನೀತಿಪಾಠಕ್ಕೆ ನಿದರ್ಶನವಾಗುವುದು ಮತ್ತೊಂದು. ಆಂಗ್ಲ ಲೇಖಕರಾದ ಆಂಡಿ ಮುಲ್ಲಿಗನ್ನರು 2010ರಲ್ಲಿ ಪ್ರಕಟಿಸಿದ ‘ಟ್ರ್ಯಾಷ್’, ಎಂದರೆ ‘ಕಸ’, ಎಂಬ ಕಾದಂಬರಿಯು ಈ ಎರಡಕ್ಕೂ ಸೇರದು. ಹರೆಯಕ್ಕೆ ಕಾಲಿಡುತ್ತಿರುವ ವಾಚಕರಿಗಾಗಿ ಬರೆದ ಈ ಕೃತಿಯ ಬಾಲಕರು ಸುಳ್ಳು ಹೇಳುವರು, ಕದಿಯುವರು, ಲಂಚವನ್ನೂ ಕೊಡುವರು. ಆದರೂ ಓದಿ ಮುಗಿಸಿದವರು ಅವರನ್ನು ಕೆಟ್ಟವರೆಂದು ಹೇಳಲಾರರು. ಇದರ ಮರ್ಮವನ್ನು ತಿಳಿಯಬೇಕಾದರೆ ಕಥೆ ಹುಟ್ಟಿದ ನೆಲದ ಚರಿತ್ರೆಯನ್ನು ಮೊದಲು ನೋಡತಕ್ಕದ್ದು.

ಮುಲ್ಲಿಗನ್ನರು ಕೆಲವು ಕಾಲ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಉಪಾಧ್ಯಾಯರಾಗಿದ್ದವರು. ಕಾದಂಬರಿಯಲ್ಲಿ ದೇಶದ ಹೆಸರು ಬರುವುದಿಲ್ಲ. ಬಾಲಕರು ವಾಸಿಸುವ ಬೆಹಾಲಾ ಎಂಬ ಕಸದ ಬಯಲೂ ಕಲ್ಪಿತವೇ. ಆದರೆ ಅಂತಹ ಬಯಲುಗಳು ಆ ದೇಶದ ರಾಜಧಾನಿಯಾದ ಮನಿಲಾದ ಸುತ್ತ ನಿಜವಾಗಿಯೂ ಇದ್ದುವು. ನಗರದ ಟೊಂಡೊ ಎಂಬ ಭಾಗದಲ್ಲಿ, ಹಿಂದೆ ಬೆಸ್ತರ ಹಳ್ಳಿಯಿದ್ದ ಕಡಲಂಚಿನಲ್ಲಿ, ಹಲವು ದಶಕಗಳ ಕಸವು ಬಿದ್ದು ಬಿದ್ದು 20 ಲಕ್ಷ ಟನ್ನಿಗೂ ಮಿಕ್ಕ ಗುಡ್ಡವಾಗಿ ಬೆಳೆದಿತ್ತು. ಕೊಳೆತ ಕಸದಿಂದ ಹುಟ್ಟಿದ ಅನಿಲವು ಹೊತ್ತಿಕೊಂಡು ಸದಾ ಹೊಗೆಯಾಡುತ್ತಿದ್ದುದರಿಂದ ಜನರು ಅದನ್ನು ಹೊಗೆಯ ಬೆಟ್ಟವೆಂದು ಕರೆದರು. ಗಾಜು, ತಗಡು, ಕಾಗದಗಳನ್ನು ಆಯ್ದು ಮಾರಿ ಸಾವಿರಾರು ಕುಟುಂಬಗಳು ಅಲ್ಲಿಯೇ ಹೊಟ್ಟೆ ಹೊರೆಯುತ್ತಿದ್ದುವು. ನಡೆಯಲು ಕಲಿತ ಮಗುವಿನ ಕೈಗೆ ಕಬ್ಬಿಣದ ಕೊಕ್ಕೆ ಬರುವುದಕ್ಕೆ ಹೆಚ್ಚು ಕಾಲ ಹಿಡಿಯುತ್ತಿರಲಿಲ್ಲ.

1990ರ ದಶಕದ ನಡುವೆ ಸರ್ಕಾರವು ಆ ಗುಡ್ಡವನ್ನು ಮುಚ್ಚಿಸಿತು. ಗುಡ್ಡ ಮುಚ್ಚಿತೇ ಹೊರತು ದಾರಿದ್ರ್ಯವು ಮುಚ್ಚಲಿಲ್ಲ. ಕಸವೂ ಅದನ್ನು ನಂಬಿದ ಜನರೂ ಕ್ವೆಜಾನ್ ನಗರದ ಪಯಾಟಾಸಿಗೆ ತೆರಳಿದರು. 2000ನೆಯ ಇಸವಿ ಜುಲೈ 10ರಂದು, ಹಲವು ದಿನಗಳ ಬಿರುಮಳೆಯ ತರುವಾಯ, ಪಯಾಟಾಸಿನ ಕಸದ ಗುಡ್ಡವು ಕುಸಿದು ಅಡಿಯಲ್ಲಿದ್ದ ಗುಡಿಸಲುಗಳ ಮೇಲೆ ಬಿದ್ದಿತು. 200ಕ್ಕೂ ಹೆಚ್ಚು ಜನರು ಮಡಿದರು. ಆ ಬಯಲು ಶಾಶ್ವತವಾಗಿ ಮುಚ್ಚಿದುದು 2017ರಲ್ಲಿ.

ಇದೇ ಕಾಲದ ರಾಜಕೀಯ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1986ರಲ್ಲಿ ಫರ್ಡಿನಾಂಡ್ ಮಾರ್ಕೋಸನು ಅಪಾರವಾದ ಸಾರ್ವಜನಿಕ ಧನವನ್ನು ಅಪಹರಿಸಿದನೆಂಬ ಕುಖ್ಯಾತಿಯೊಡನೆ ದೇಶವನ್ನು ಬಿಟ್ಟು ಓಡಿದನು. 1998ರಲ್ಲಿ ಬಡವರ ಬಂಧುವೆಂದು ಹೇಳಿಕೊಂಡು ಅಧ್ಯಕ್ಷ ಪದವಿಗೆ ಬಂದವನು ಜೋಸೆಫ್ ಎಸ್ಟ್ರಾಡಾ. ಪಯಾಟಾಸಿನ ದುರಂತವಾಗಿ ಕೆಲವೇ ತಿಂಗಳುಗಳಲ್ಲಿ, ಬಡವರು ಪುಡಿಗಾಸು ಹೂಡುವ ‘ಹ್ವೆಟೆಂಗ್’ ಎಂಬ ಕಾನೂನುಬಾಹಿರ ಜೂಜಿನಿಂದ ಅವನಿಗೆ ಹಣ ಸಲ್ಲುತ್ತಿತ್ತೆಂಬ ಆರೋಪವು ಹೊರಬಿದ್ದಿತು. 2001ರ ಜನವರಿಯಲ್ಲಿ ಅವನು ಪದಚ್ಯುತನಾದನು. 2007ರ ಸೆಪ್ಟೆಂಬರಿನಲ್ಲಿ ಲೂಟಿಯ ಅಪರಾಧವು ರುಜುವಾತಾಗಿ ಆಜೀವ ಶಿಕ್ಷೆಯಾಯಿತು. ಮರುತಿಂಗಳೇ ಕ್ಷಮಾದಾನವೂ ದೊರೆಯಿತು. ಕಾದಂಬರಿಯ ಖಳನು ಇವರಲ್ಲಿ ಯಾರ ಪ್ರತಿಬಿಂಬವೆಂದೂ ಹೇಳಲಾಗದು. ಆದರೆ ಮೇಲಿನವರು ನುಂಗಿದುದರ ಫಲವನ್ನು ಕೆಳಗಿನವರು ಕಸದಲ್ಲಿ ಹುಡುಕುವರೆಂಬ ಅದರ ಮೂಲಭಾವವು ಬರಿಯ ಕಲ್ಪನೆಯಲ್ಲವೆಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ.

ಕಥೆಯಾದರೋ ಸರಳವಾದುದು. ಬೆಹಾಲಾದ ರಫಾಯೆಲ್ ಎಂಬ ಬಾಲಕನಿಗೆ ಕಸದಲ್ಲಿ ಒಂದು ಚೀಲ ಸಿಕ್ಕುವುದು. ಅದರಲ್ಲಿ ಹಣವೂ ಒಂದು ಬೀಗದ ಕೈಯೂ ಇರುವುವು. ಅವನು ಹಣವನ್ನು ಗೆಳೆಯನಾದ ಗಾರ್ಡೊವಿನೊಡನೆ ಹಂಚಿಕೊಳ್ಳುವನು. ಬಳಿಕ ಪೊಲೀಸರು ಬಂದು, ಚೀಲವನ್ನು ತಂದುಕೊಟ್ಟವರಿಗೆ ಬಹುಮಾನವೆಂದು ಸಾರುವರು. ಬಾಲಕರು ಬಾಯಿ ಬಿಡುವುದಿಲ್ಲ. ಚೀಲವನ್ನು ಬಚ್ಚಿಡಲು ಅವರು ‘ಇಲಿ’ ಎಂಬ ಅಡ್ಡಹೆಸರಿನ ಅನಾಥ ಹುಡುಗನ ಬಳಿಗೆ ಹೋಗುವರು. ಬೆಹಾಲಾದವರೂ ದೂರವಿಡುವ ಆ ಹುಡುಗನು, ಬೀಗದ ಕೈ ರೈಲು ನಿಲ್ದಾಣದ ಪೆಟ್ಟಿಗೆಯೊಂದರದೆಂದು ಗುರುತಿಸಿ ಮೂರನೆಯ ಗೆಳೆಯನಾಗುವನು. ಮುಂದೆ ತಿಳಿದುಬರುವುದೇನೆಂದರೆ, ದೇಶದ ಉಪಾಧ್ಯಕ್ಷನು ಅಪಹರಿಸಿದ ಸಾರ್ವಜನಿಕ ಧನವನ್ನು ಅವನ ಮನೆಯ ಸೇವಕನೇ ಕದ್ದು ಅಡಗಿಸಿಟ್ಟು, ಪೊಲೀಸರ ಕೈಯಲ್ಲಿ ಪ್ರಾಣವನ್ನು ಕಳೆದುಕೊಂಡಿದ್ದನು.

ಇಲ್ಲಿ ಭ್ರಷ್ಟತೆಯು ಮೇಲಿನವರಲ್ಲಿಯೇ ಉಳಿಯುವುದಿಲ್ಲ. ಸೆರೆಮನೆಯ ಕಾವಲುಗಾರನಿಗೆ ಕೊಡಬೇಕಾದ ಹಣಕ್ಕಾಗಿ ‘ಇಲಿ’ಯು ತನಗೆ ಅನ್ನವಿಕ್ಕಿದ ಪಾದ್ರಿಯ ಶಾಲೆಯಿಂದಲೇ ಕದಿಯುವನು. ಹಾಗಾದರೆ ಉಪಾಧ್ಯಕ್ಷನಿಗೂ ಈ ಬಾಲಕನಿಗೂ ಭೇದವೇನು? ಕದ್ದ ಮೊತ್ತದ ಭೇದವೆಂದರೆ ಉತ್ತರವಾಗದು. ಭೇದವಿರುವುದು ಮೈತ್ರಿಯಲ್ಲಿ. ಒಬ್ಬನ ಕಳವು ನೆಚ್ಚಿದವರನ್ನೆಲ್ಲ ಮಾರಿ ತನ್ನೊಬ್ಬನಿಗಾಗಿ ಕೂಡಿಡುವಂಥದು. ಮತ್ತೊಬ್ಬನದು ಗೆಳೆಯರಿಗಾಗಿ, ಮಡಿದವನ ಮಾತನ್ನು ಉಳಿಸುವುದಕ್ಕಾಗಿ. ಪೊಲೀಸರು ರಫಾಯೆಲನನ್ನು ಠಾಣೆಯ ಕಿಟಕಿಯಿಂದ ಹೊರಕ್ಕೆ ತೂಗಹಾಕಿದಾಗಲೂ ಅವನು ಗುಟ್ಟನ್ನು ಬಿಡುವುದಿಲ್ಲ. ಕೊನೆಗೆ ಹಣವು ಕೈಸೇರಿದಾಗ ಬಾಲಕರು ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದುದನ್ನು ಬಿರುಗಾಳಿಯಲ್ಲಿ ಬೆಹಾಲಾದ ಕಸದ ಮೇಲೆಯೇ ತೂರುವರು. ಲೇಖಕರು ಕಥೆಯನ್ನು ಒಬ್ಬನ ಬಾಯಲ್ಲಿ ಹೇಳಿಸದೆ ಸರದಿಯಂತೆ ಹಲವರಿಂದ ಹೇಳಿಸಿರುವುದೂ ಇದೇ ಕಾರಣದಿಂದ. ಬಾಲಕರು ನಿರೂಪಣೆಯನ್ನೂ ಹಂಚಿಕೊಂಡಂತಾಗಿದೆ.

ಈ ಕೃತಿಯು ನಿರ್ವಿವಾದವಾಗಿ ಮಕ್ಕಳ ಕೈ ಸೇರಲಿಲ್ಲ. ಇಂಗ್ಲೆಂಡಿನ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದವರು ತಮ್ಮ ಪುಸ್ತಕ ಪ್ರಶಸ್ತಿಯ ಕಿರುಪಟ್ಟಿಯಲ್ಲಿ ಮೊದಲು ಇದನ್ನು ಸೇರಿಸಿ, ಬಳಿಕ ಹಿಂಸೆಯ ಪ್ರಸಂಗವೂ ಒರಟು ಮಾತುಗಳೂ ಇವೆಯೆಂದು ಕೈಬಿಟ್ಟರು. 2012ರಲ್ಲಿ ಕಾರ್ನೆಗಿ ಪದಕದ ಕಿರುಪಟ್ಟಿಯಲ್ಲಿ ಇದೇ ಪುಸ್ತಕವು ಸ್ಥಾನ ಪಡೆಯಿತು; 2014ರಲ್ಲಿ ಸ್ಟೀಫನ್ ಡಾಲ್ಡ್ರಿಯವರು ಕಥೆಯನ್ನು ಬ್ರೆಜಿಲಿಗೆ ಸಾಗಿಸಿ ಚಲಚ್ಚಿತ್ರ ಮಾಡಿದರು. ಮಕ್ಕಳ ಓದನ್ನು ಕಾಯುವ ಹಿರಿಯರ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಆದರೆ ಕಿಟಕಿಯ ಪ್ರಸಂಗವನ್ನು ತೆಗೆದುಹಾಕಿದರೆ ರಫಾಯೆಲನ ಮೌನಕ್ಕೆ ಬೆಲೆಯೇ ಉಳಿಯದು. ಕಳವು ತಪ್ಪೆಂಬ ಪಾಠವನ್ನು ಮಗುವು ಯಾವ ಪುಸ್ತಕದಿಂದಲಾದರೂ ಕಲಿತೀತು. ಸಾವಿರಾರು ಮಕ್ಕಳು ಕಸದಲ್ಲಿ ಅನ್ನವನ್ನು ಹುಡುಕುವಂತೆ ಮಾಡಿದ ಕಳವು ಯಾರದೆಂದು ಕೇಳಲು ಕಲಿಸುವ ಪುಸ್ತಕಗಳು ವಿರಳ.