ಒಂದೇ ಮನೆಗೆ 256 ಸೈಟು!

2002ರ ಅಕ್ಟೋಬರ್ 21. ಇಂಟರ್ನೆಟ್ಟಿನ ಬುಡಕ್ಕೇ ಕೊಡಲಿ ಬಿದ್ದ ದಿನ. ನೀವು ವೆಬ್‌ಸೈಟಿನ ಹೆಸರು ಟೈಪ್ ಮಾಡ್ತೀರಿ, ಅದು ಯಾವ ನಂಬರಿನ ಯಂತ್ರದಲ್ಲಿದೆ ಅಂತ ಯಾರೋ ಹೇಳಬೇಕಲ್ವಾ? ಆ ವಿಚಾರಣೆಯ ಮೊದಲ ಮೆಟ್ಟಿಲೇ ರೂಟ್ ಸರ್ವರ್. ಇಂಗ್ಲಿಷಿನ ಎ ಅಕ್ಷರದಿಂದ ಎಂ ತನಕ ಒಟ್ಟು 13. ಅವತ್ತು ಸುಮಾರು ಒಂದು ಗಂಟೆ ಹದಿಮೂರರ ಮೇಲೂ ಸುಳ್ಳು ಟ್ರಾಫಿಕ್ಕಿನ ಪ್ರವಾಹ ನುಗ್ಗಿತು. ಹಲವು ತತ್ತರಿಸಿದವು.

ಇನ್ನೂ ನಾಲ್ಕು ಸೇರಿಸಿದ್ರೆ ಆಗ್ತಿತ್ತಲ್ಲ ಅಂತೀರಾ? ಇಡೀ ಪಟ್ಟಿ 512 ಬೈಟಿನ ಒಂದೇ ಉತ್ತರದಲ್ಲಿ ಹಿಡಿಸಬೇಕು ಅನ್ನೋದು ಹಳೇ ಕಟ್ಟಳೆ. ಹದಿಮೂರಕ್ಕೇ ಬುಟ್ಟಿ ತುಂಬಿತ್ತು.

ಉಳಿದ ದಾರಿ ಎನಿಕಾಸ್ಟ್. 1993ರಲ್ಲೇ ಕಾಗದದ ಮೇಲೆ ಬಂದಿದ್ದ ಐಡಿಯಾ. ಹಿಂದೆ 100 ಒತ್ತಿದರೆ ಆಯಾ ಊರಿನ ಪೊಲೀಸ್ ಕಂಟ್ರೋಲ್ ರೂಮ್ ಫೋನ್ ಎತ್ತುತ್ತಿತ್ತು, ನೆನಪಿದೆಯಾ? ನಂಬರ್ ಒಂದೇ, ಎತ್ತುವವರು ಬೇರೆ. ಹಾಗೇ ಇದು. ಒಂದೇ ವಿಳಾಸ, ಹಲವು ದೇಶಗಳಲ್ಲಿ ಯಂತ್ರ. ದಾಳಿಯೂ ಹಂಚಿಹೋಗುತ್ತೆ.

ಆದರೆ ಒಂದು ತೊಡಕು. ಬೇಕಿರೋದು ಒಂದೇ ವಿಳಾಸವಾದರೂ, 256ಕ್ಕಿಂತ ಚಿಕ್ಕ ಬ್ಲಾಕನ್ನು ಇಂಟರ್ನೆಟ್ಟಿನ ರೂಟರ್‌ಗಳು ಸಾಮಾನ್ಯವಾಗಿ ಲೆಕ್ಕಕ್ಕೇ ತಗೊಳ್ಳಲ್ಲ. ವಿಳಾಸ ಹಂಚುವವರ ನಿಯಮವೋ, ಎಷ್ಟು ಯಂತ್ರ ತೋರಿಸ್ತೀರೋ ಅಷ್ಟೇ ವಿಳಾಸ. ಜಗತ್ತಿಗೆಲ್ಲಾ ಸೇರಿ ಇದ್ದದ್ದೇ ಸುಮಾರು 430 ಕೋಟಿ. ಒಂದು ಮನೆ ಕಟ್ಟೋಕೆ 256 ಸೈಟು ಕೊಡಿ ಅಂದರೆ ಯಾವ ಅಧಿಕಾರಿ ಸಹಿ ಹಾಕ್ತಾನೆ?

ಯುರೋಪಿನ ವಿಳಾಸಗಳ ಉಸ್ತುವಾರಿ ಆಮ್‌ಸ್ಟರ್‌ಡ್ಯಾಮ್‌ನ ರೈಪ್ ಎನ್‌ಸಿಸಿಯದ್ದು. 2005ರಲ್ಲಿ ಅದರ ಸಮುದಾಯದ ಮುಂದೆ ಈ ಪ್ರಶ್ನೆ ಪ್ರಸ್ತಾವವಾಗಿ ಬಂತು. ದೇಶದ ಡೊಮೇನ್ ನಡೆಸುವಂಥವರಿಗೆ ಎನಿಕಾಸ್ಟ್‌ಗಾಗಿ 256ರ ಬ್ಲಾಕ್ ಕೊಡೋಣ, ಹಳೇ ಲೆಕ್ಕ ಬೇಡ ಅಂತ. ಕೊನೆಗೆ ಅದು ನಿಯಮವೂ ಆಯ್ತು. 255 ವಿಳಾಸ ದಂಡ ನಿಜ. ನನ್ನ ಪ್ರಕಾರ ಅಗ್ಗದ ದಂಡ.

ಯಾಕೆ ಅಂತೀರಾ? 2007ರ ಫೆಬ್ರವರಿ 6ರಂದು ಮತ್ತೆ ದಾಳಿ. ಹೆಚ್ಚು ನರಳಿದ್ದು ಜಿ ಮತ್ತು ಎಲ್. ಇನ್ನೂ ಎನಿಕಾಸ್ಟ್‌ಗೆ ಹೋಗದೇ ಇದ್ದವರ ಪೈಕಿ ಅವೆರಡೂ ಇದ್ದವು!

2011ರ ಫೆಬ್ರವರಿ 3ಕ್ಕೆ ಹಳೇ ವಿಳಾಸಗಳ ಕೇಂದ್ರ ದಾಸ್ತಾನು ಖಾಲಿ. ಅಲ್ಲಿಂದ ಜಗಳದ ರೂಪವೇ ಬದಲಾಯ್ತು. ಅಗತ್ಯ ಸೇವೆ ಅಂದರೆ ಯಾರು? ಭಾರತ ಸೇರಿರುವ ಬ್ರಿಸ್ಬೇನ್‌ನ ಎಪಿನಿಕ್ ಪಟ್ಟಿಯಲ್ಲಿ ರೂಟ್ ಸರ್ವರ್ ಉಂಟು, ದೇಶದ ಡೊಮೇನ್ ಉಂಟು. ಅಂದರೆ ನಮ್ಮ ಕನ್ನಡ ಲಿಪಿಯ .ಭಾರತಕ್ಕೂ ಬಾಗಿಲು ತೆರೆದಿದೆ. ಆಂಬುಲೆನ್ಸ್ ಕರೆ ನಿಭಾಯಿಸೋ ಸೇವೆಗೆ? ಅದು ಉಳಿದವರ ಸಾಲಿನಲ್ಲೇ ನಿಲ್ಲಬೇಕು.