ಸಂಗಮವನ್ನು ಬಿಟ್ಟುಹೋದ ತರುಣ



ಅನುಭಾವಿಯೆಂದೊಡನೆ ಜನಸಂಗವನ್ನು ತೊರೆದು ಏಕಾಂತವನ್ನರಸಿದವನ ಚಿತ್ರವು ನಮ್ಮ ಕಣ್ಣೆದುರು ನಿಲ್ಲುತ್ತದೆ. ಬಸವಣ್ಣನವರಿಗೆ ಅಂಥ ಏಕಾಂತವು ತಾರುಣ್ಯದಲ್ಲಿಯೇ ದೊರೆತಿದ್ದಿತು. ಆದರೆ ಅದು ಅವರಿಗೆ ಉಳಿಯಲಿಲ್ಲ.

ಬಾಗಲಕೋಟೆಯ ಮೂಡಲಿಗೆ, ಹುನಗುಂದದ ಸೀಮೆಯಲ್ಲಿ, ಬಾದಾಮಿಯ ನಾಡನ್ನು ಹಾದುಬಂದ ಮಲಪ್ರಭೆಯು ಕೃಷ್ಣೆಯನ್ನು ಸೇರುವ ಎಡೆಯೇ ಕೂಡಲಸಂಗಮ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಮನೆಯನ್ನೂ ಜನಿವಾರವನ್ನೂ ಬಿಟ್ಟು ಅವರು ಇಲ್ಲಿಗೆ ಬಂದರು. ಹರಿಹರನು ತನ್ನ ರಗಳೆಯಲ್ಲಿ ಇದನ್ನು ಕಪ್ಪಡಿಸಂಗಮವೆನ್ನುತ್ತಾನೆ. ಸ್ಥಾನಪತಿಯ ಆಶ್ರಯ, ಹೊಳೆಯ ನೀರು, ಸಂಗಮೇಶ್ವರನ ಪೂಜೆ, ಬದುಕು ಇಷ್ಟೇ. ಒಂದಿರುಳು ದೇವರೇ ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದನಂತೆ. ಬಸವಣ್ಣನವರು ಹಿಗ್ಗಲಿಲ್ಲ, ಕಂಗೆಟ್ಟರು. ಕವಿಯ ಕಥೆಯನ್ನು ಚರಿತ್ರಕಾರನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಆ ಸಂಕಟವು ಬರಿಯ ಕಟ್ಟುಕಥೆಯೆಂದು ನನಗೆ ತೋರುವುದಿಲ್ಲ. ಭಂಡಾರಿಯಾಗಲಿರುವವನನ್ನು ಹೊಗಳಹೊರಟ ಕವಿಗೆ ಅದು ಬೇಕಾಗಿಯೇ ಇರಲಿಲ್ಲ.

ಹೋದವರು ಕರಣಿಕರ ನಡುವೆ ಕುಳಿತು ಲೆಕ್ಕ ನೋಡಿದರು, ರಾಜಭಂಡಾರವನ್ನು ವಹಿಸಿಕೊಂಡರು. ಆದರೆ ಬಿಟ್ಟುಬಂದ ಊರಿನ ದೇವರೇ ಅವರ ವಚನಗಳ ಅಂಕಿತವಾದನು. ಕೂಡಲಸಂಗಮದೇವನನ್ನು ಕರೆಯದೆ ಅವರ ಮಾತು ಮುಗಿಯದು. ಗುಡಿಯು ದೂರವಾದವರಿಗೆ ದೇಹವೇ ದೇಗುಲವಾಯಿತು. ಲಿಂಗವು ಅಂಗೈಗೆ ಬಂದಿತು. ಅಗಸರೂ ಅಂಬಿಗರೂ ಸಮಗಾರರೂ ಅವರ ಸುತ್ತ ನೆರೆದರು; ಅವರವರ ಕಾಯಕವೇ ಪೂಜೆಯೆನಿಸಿತು.

ಏಕಾಂತಕ್ಕೂ ಕೆಲಸಕ್ಕೂ ನಡುವಣ ಈ ಇಕ್ಕಟ್ಟು ನಮ್ಮ ನಾಡೊಂದರದೇ ಅಲ್ಲ. ಸುಮಾರು 1260ರಲ್ಲಿ ಹುಟ್ಟಿದ ಜರ್ಮನಿಯ ಕ್ರೈಸ್ತ ಅನುಭಾವಿ ಎಕ್‌ಹಾರ್ಟನು ಮಠಗಳ ಆಡಳಿತವನ್ನು ಹೊತ್ತವನು, ಜನರ ನುಡಿಯಲ್ಲಿ ಬೋಧಿಸಿದವನು. ಯೇಸುವಿನ ಪಾದದ ಬಳಿ ಕುಳಿತು ಕೇಳಿದ ಮರಿಯಳಿಗಿಂತ ಅತಿಥಿಸೇವೆಗಾಗಿ ದುಡಿದ ಮಾರ್ಥಳೇ ಪಕ್ವಳೆಂಬುದು ಅವನ ಎಣಿಕೆ. ಅವನು ತೀರಿಕೊಂಡ ಮೇಲೆ, 1329ರಲ್ಲಿ, ಪೋಪನು ಅವನ ಕೆಲವು ಮಾತುಗಳನ್ನು ಖಂಡಿಸಿದನು. ನಮ್ಮ ಅರ್ಜುನವಾಡದ ಶಾಸನವೂ 1260ರದೇ. ಬಾಗವಾಡಿಯ ಮಾದಿರಾಜನ ಮಗ ಬಸವನೆಂದು ಆ ಕಲ್ಲು ಹೇಳುವುದರಿಂದ, ಬಸವಣ್ಣನವರು ಬರಿಯ ಪುರಾಣಪುರುಷರಲ್ಲವೆಂಬುದು ನಿಶ್ಚಯವಾಯಿತು.

ಬಿಜ್ಜಳನ ಕೊನೆಗಾಲದಲ್ಲಿ, 1167ರ ಸುಮಾರಿಗೆ, ಕಲ್ಯಾಣವು ಕದಡಿತು. ಬಸವಣ್ಣನವರು ಸಂಗಮಕ್ಕೆ ಮರಳಿ ಅಲ್ಲಿಯೇ ಐಕ್ಯರಾದರೆಂದು ಸಂಪ್ರದಾಯವು ಹೇಳುತ್ತದೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗದಿರಲೆಂದು ಈಗ ಆ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯೆತ್ತಿದ್ದಾರೆ. ನೀರು ಏರಿದ ಕಾಲದಲ್ಲಿ ಮೆಟ್ಟಿಲಿಳಿದು ಒಳಗೆ ನಿಂತರೆ, ಹೊಳೆಯು ಗೋಡೆಯಾಚೆ ನಮ್ಮ ತಲೆಗಿಂತ ಎತ್ತರದಲ್ಲಿರುತ್ತದೆ.