ಸಂರಕ್ಷಣೆ, ಕಥೋಲಿಕ ಧರ್ಮಸಭೆಯಲ್ಲಿ (ವಾಶಿ)

ಧರ್ಮಸಭೆಯ ಆಶ್ರಯದಲ್ಲಿರುವ ಬಾಲಕ ಬಾಲಿಕೆಯರನ್ನೂ, ವೃದ್ಧಾಪ್ಯ, ವ್ಯಾಧಿ ಅಥವಾ ಬುದ್ಧಿಮಾಂದ್ಯದಿಂದ ಪರಾಧೀನರಾದ ವಯಸ್ಕರನ್ನೂ ಲೈಂಗಿಕಾದಿ ದುರ್ವರ್ತನೆಗಳಿಂದ ಕಾಪಾಡುವ ವ್ಯವಸ್ಥೆ. ಕರಾವಳಿಯಿಂದ ಬಂದು ನೆಲಸಿದ ಮಂಗಳೂರು ಕಥೋಲಿಕರಿಗೂ ಆಶ್ರಯವಾದ, ನವಿ ಮುಂಬಯಿಯ ವಾಶಿಯಲ್ಲಿರುವ ಸೇಕ್ರೆಡ್ ಹಾರ್ಟ್ ಇಗರ್ಜಿಯು ಮುಂಬಯಿ ಮಹಾಧರ್ಮಪ್ರಾಂತ್ಯಕ್ಕೆ ಒಳಪಟ್ಟುದರಿಂದ ಅಲ್ಲಿ ದೇಶದ ಕಾಯಿದೆಯೂ ಧರ್ಮಸಭೆಯ ವಿಧಿಯೂ ಏಕಕಾಲದಲ್ಲಿ ಅನ್ವಯಿಸುತ್ತವೆ.

2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯಿದೆಯ 19ನೆಯ ಕಲಮಿನಂತೆ, 18 ವರ್ಷ ತುಂಬದವರ ಮೇಲೆ ಅಪರಾಧ ನಡೆದುದನ್ನು ಅರಿತವರು, ಪಾದ್ರಿಯೇ ಆಗಿರಲಿ ಉಪದೇಶಿಯೇ ಆಗಿರಲಿ, ಪೊಲೀಸರಿಗೆ ತಿಳಿಸತಕ್ಕದ್ದು. ತಿಳಿಸದವರಿಗೆ 6 ತಿಂಗಳವರೆಗೆ, ಕೈಕೆಳಗಿನವನ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಸೆರೆವಾಸ ಉಂಟು. ಪಾಪನಿವೇದನೆಯಲ್ಲಿ ಕೇಳಿದುದನ್ನು ಹೊರಗೆಡಹಲಾಗದೆಂಬ ಧರ್ಮಸಭೆಯ ಕಟ್ಟುನಿಟ್ಟಿಗೆ ಈ ಕಲಮು ಸ್ಪಷ್ಟವಾದ ವಿನಾಯಿತಿಯನ್ನು ಕೊಟ್ಟಿಲ್ಲ. ತೊಡಕು ಇನ್ನೂ ತೀರಿಲ್ಲವೆನ್ನಬೇಕು.

2019ರ ಫೆಬ್ರವರಿಯಲ್ಲಿ ವ್ಯಾಟಿಕನ್‌ನಲ್ಲಿ ಜರುಗಿದ ಮಕ್ಕಳ ರಕ್ಷಣೆಯ ಸಮಾವೇಶದ ಸಂಘಟಕರಲ್ಲಿ ಅಂದಿನ ಮುಂಬಯಿ ಆರ್ಚ್‌ಬಿಷಪ್ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್ ಒಬ್ಬರು. ಅದೇ ವರ್ಷದ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ‘ವೋಸ್ ಎಸ್ಟಿಸ್ ಲುಕ್ಸ್ ಮುಂಡಿ’ ಶಾಸನವು ಪಾದ್ರಿಗಳೂ ಸಂನ್ಯಾಸಿನಿಯರೂ ಮೇಲಧಿಕಾರಿಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತಲ್ಲದೆ ದುರ್ಬಲ ವಯಸ್ಕರನ್ನೂ ತನ್ನ ವ್ಯಾಪ್ತಿಗೆ ತಂದಿತು. ಪೋಕ್ಸೊದ ಪರಿಧಿಯೊಳಗೆ ವಯಸ್ಕರು ಬಾರದಿರುವುದರಿಂದ ಇದು ಸಣ್ಣ ಮಾತಲ್ಲ. ಪರಮಪ್ರಸಾದವನ್ನು ಹಾಸಿಗೆಯಲ್ಲೇ ಸ್ವೀಕರಿಸುವ ಒಂಟಿ ವೃದ್ಧೆಯ ಮನೆಯಲ್ಲಿ ನಡೆವುದನ್ನು ನೋಡುವವರಾದರೂ ಯಾರು?

ನಿತ್ಯಾಚರಣೆಯಲ್ಲಿ ಸಂರಕ್ಷಣೆಯೆಂಬುದು ಅತಿ ಸಾಮಾನ್ಯ ಸಂಗತಿಗಳ ಮೇಲೆ ನಿಂತಿದೆ: ಭಾನುವಾರದ ಧರ್ಮೋಪದೇಶದ ಕೊಠಡಿಯ ಬಾಗಿಲು ತೆರೆದಿರುವುದು, ಪೂಜಾಸೇವೆಯ ಹುಡುಗರು ವಸ್ತ್ರ ಬದಲಿಸುವೆಡೆ ಹಿರಿಯನೊಬ್ಬನೇ ಇರದಿರುವುದು, ಮಕ್ಕಳ ಸಹಾಯವಾಣಿ 1098 ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿರುವುದು.